ಹನ್ನೆರಡು ಹೆಜ್ಜೆ ದೂರ

ಅಲಾಸ್ಕಾದ ನಮ್ಮ ಹೊಳೆದಂಡೆಯ ಊರಿನ ಕ್ಲಿನಿಕ್ಕಿನಲ್ಲಿ ಊದಿದ ಕೆನ್ನೆ ಹಿಡಿದು ಸರದಿ ಕಾಯುತ್ತಿದ್ದೆ. ಪಕ್ಕದಲ್ಲಿ ಹಲ್ಲುನೋವಿನ ಅಗಾಫ್ಯಾ ಎರಡೂ ಕೈಯಲ್ಲಿ ಬೆಂಚನ್ನು ಬಿಗಿಹಿಡಿದು ಕೂತಿದ್ದಳು. ಅವಳ ತಂಗಿ ಒಲಿಂಕಾ ಅಕ್ಕನ ಪರವಾಗಿ ಸಮೀಕ್ಷೆಯ ಹಾಳೆ ತುಂಬುತ್ತಿದ್ದಳು.

“ಅಕ್ಕ, ಮೊದಲು ವಿಮಾನದಲ್ಲಿ ಬರ್ತಿದ್ನಲ್ಲ ಹಲ್ಲಿನ ಡಾಕ್ಟರು, ಅವನ ಹತ್ರ ಎಷ್ಟು ಸಲ ಹೋಗಿದ್ದೆ?”

“ನನ್ನ ಬಾಯಿ ನೋಡಿ ಬರ್ಕೋ. ಸಲಕ್ಕೊಂದು ಕಿತ್ತ.”

“ಈಗ ನಮ್ಮೂರ ಮಾರ್ಫಾನೇ ಹಲ್ಲಿನ ಚಿಕಿತ್ಸೆ ಕಲ್ತು ಬಂದಿದಾಳಲ್ಲ. ಇವತ್ತೇ ತೋರಿಸಿದ್ರೆ ಹುಳುಕು ತುಂಬಿ ಹಲ್ಲು ಉಳಿಸ್ತಾಳಂತೆ.”

“ಅವನೂ ಹಾಗೇ ಅಂದಿದ್ದ. ‘ಏನೂ ಆಗೋದಿಲ್ಲಾ ಅಜ್ಜೀ!’” ಅಗಾಫ್ಯಾ ಥೇಟ್ ಅವನಂತೆಯೇ ಮೂಗಿನಲ್ಲಿ ರಾಗ ಎಳೆದಳು. ಕೈ ಮಾತ್ರ ಬೆಂಚು ಬಿಡಲಿಲ್ಲ.

“ಚಿಕಿತ್ಸೆಗೆ ಏನು ಅಡ್ಡಿ ಅಂತ ಕೇಳಿದಾರೆ. ದೂರಾನಾ, ಹಿಮಾನಾ?”

“ದೂರ ಅಂತ ಬರಿ.”

“ಬಾಗಿಲು ಅಲ್ಲೇ ಇದೆಯಲ್ಲೇ!”

“ಹನ್ನೆರಡು ಹೆಜ್ಜೆ. ಆಗಲೇ ಅಳೆದೆ. ಕಾಲೇ ಏಳ್ತಿಲ್ಲ ಕಣೇ.”

“ನಮ್ಮವ್ವ ಸತ್ತ ವರ್ಷ ಹುಟ್ಟಿದಳು ಅಂತ ಅವ್ವನ ಹೆಸರೇ ಇಟ್ಟಿದ್ದು ಮಾರ್ಫಾಗೆ. ನೀನೂ ಅವಳನ್ನ ಅವ್ವ ಅಂತಲೇ ಕರೀತೀಯ. ಅವ್ವನಿಗೆ ಯಾರಾದ್ರೂ ಹೆದರ್ತಾರಾ?”

“ಅವ್ವನಿಗೇ ಜಾಸ್ತಿ ಹೆದರ್ತಿದ್ದೆ.”

ಬಾಗಿಲು ತೆರೆಯಿತು. ಇಪ್ಪತ್ತೈದರ ಮಾರ್ಫಾ ಎಪ್ಪತ್ತರ ಅಗಾಫ್ಯಾಳತ್ತ ಕೈ ಚಾಚಿ ಬಂದಳು.

“ಬಾ ಮಗಳೇ, ಕೈ ಹಿಡ್ಕೋ.”

ಅಗಾಫ್ಯಾ ಬೆಂಚು ಬಿಟ್ಟು ಆ ಕೈ ಹಿಡಿಯಲು ಒಂಬತ್ತೇ ಹೆಜ್ಜೆ ಸಾಕಾಯಿತು. ಮಿಕ್ಕ ಮೂರನ್ನು ಮಾರ್ಫಾಳೇ ನಡೆದು ಬಂದಿದ್ದಳು.

ಬಾಗಿಲು ಮುಚ್ಚುವಾಗ ಸಣ್ಣ ದನಿ ಕೇಳಿಸಿತು.

“ಕೀಳಲ್ಲ ತಾನೇ, ಅವ್ವಾ?”