ನಾನು ತೆಗೆದುಕೊಳ್ಳದ ಬ್ರೆಡ್ಡಿನ ತುಂಡು

ಸಭೆಯ ಅಧ್ಯಕ್ಷರಾದ ಶ್ರೀಮಾನ್ ಡೆಕ್ಕರ್ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ಇಂದಿನ ಸನ್ಮಾನಿತರಾದ ರಾಬಿಯಾ ಹಾಗೂ ಕೋರ್ ಅವರೇ, ಕಾಫಿ ಇನ್ನೂ ಬರಲಿಲ್ಲವೆಂದು ಬಾಗಿಲ ಕಡೆಗೇ ನೋಡುತ್ತಿರುವ ಸಭಿಕರೇ,

ಆಮಂತ್ರಣ ಪತ್ರಿಕೆಯಲ್ಲಿ ನನ್ನನ್ನು ‘ಮಾಜಿ ಶಿಕ್ಷಕಿ’ ಎಂದು ಮುದ್ರಿಸಿದ್ದಾರೆ. ಮೊದಲು ಅದನ್ನು ತಿದ್ದಿಬಿಡುತ್ತೇನೆ. ನಾನು ನಿವೃತ್ತಳಾಗಿದ್ದೇನೆ, ಮಾಜಿಯಾಗಿಲ್ಲ. ಸಂಶಯವಿದ್ದವರು ಅಧ್ಯಕ್ಷರನ್ನೇ ಕೇಳಬಹುದು. ಅವರು ನನ್ನ ವಿದ್ಯಾರ್ಥಿ. ನಾನು ಎದ್ದು ನಿಂತ ಕೂಡಲೇ ಅವರು ಬೆನ್ನು ನೆಟ್ಟಗೆ ಮಾಡಿ ಕುಳಿತದ್ದನ್ನು ನೀವೆಲ್ಲರೂ ನೋಡಿದಿರಿ.

ರಾಬಿಯಾ ಮತ್ತು ಕೋರ್ ಹದಿನಾಲ್ಕು ವರ್ಷಗಳಿಂದ ಮಾಡುತ್ತಿರುವುದೇನು? ರಾಟರ್‌ಡ್ಯಾಮಿನ ಈ ದಕ್ಷಿಣ ದಡದ ಬಡಾವಣೆಗಳಲ್ಲಿ ಕೈ ಸಾಗದ ಮನೆಗಳ ಮಕ್ಕಳಿಗೆ ಹುಟ್ಟುಹಬ್ಬದ ಡಬ್ಬಿ ಕಟ್ಟಿಕೊಡುತ್ತಿದ್ದಾರೆ. ಕೇಕಿನ ಹಿಟ್ಟು, ಮೇಣದ ಬತ್ತಿ, ಬಲೂನು, ಒಂದು ಉಡುಗೊರೆ. ಎಲ್ಲಕ್ಕಿಂತ ಮುಖ್ಯವಾಗಿ, ಇಡೀ ತರಗತಿಗೆ ಹಂಚಲು ಮೂವತ್ತು ಸಿಹಿ ಪೊಟ್ಟಣ. ರಾಬಿಯಾ ರಿಬ್ಬನ್ನುಗಳಿಗೆ ಇಸ್ತ್ರಿ ಹಾಕುತ್ತಾರೆ. ಬಸ್ ಚಾಲಕರಾಗಿದ್ದ ಕೋರ್ ಡಬ್ಬಿಯನ್ನು ಸೈಕಲ್ಲಿನಲ್ಲಿ ಒಯ್ಯುತ್ತಾರೆ. ಸೈಕಲ್ಲನ್ನು ಎರಡು ಬೀದಿ ಆಚೆಗೇ ನಿಲ್ಲಿಸುತ್ತಾರೆ. ಏಕೆಂದು ನಾನೊಮ್ಮೆ ಕೇಳಿದೆ.

“ಪಕ್ಕದ್ಮನೆಯವ್ರಿಗೆ ಗೊತ್ತಾಗ್ಬಾರ್ದಲ್ಲ ಟೀಚರ್? ‘ನಮ್ಮಮ್ಮ ತಂದಿದ್ದು’ ಅಂತ ಮಗು ಜಂಬ ಕೊಚ್ಕೋಬೇಕು. ಅದ್ರಲ್ಲಿ ನಮ್ಮ ಹೆಸ್ರು ಯಾಕೆ?”

ಇಂಥವರನ್ನು ವೇದಿಕೆಗೆ ಕರೆದು ಹಾರ ಹಾಕುವುದು ಅವರ ವ್ರತವನ್ನು ಕೆಡಿಸಿದಂತೆಯೇ. ಆದರೂ ಕರೆದಿದ್ದೇವೆ. ಸನ್ಮಾನವು ಇದೇ ಫೆಬ್ರವರಿ ಹನ್ನೊಂದರಂದು ನಡೆಯಬೇಕೆಂದು ಹಟ ಹಿಡಿದವಳು ನಾನು. ಕಾರಣವನ್ನು ಸಮಿತಿಗೆ ತಿಳಿಸಿರಲಿಲ್ಲ. ಈಗಲೂ ತಿಳಿಸುವ ಉದ್ದೇಶವಿರಲಿಲ್ಲ.

ನಮ್ಮೆಲ್ಲರ ಮನೆಗಳಂತೆ ನನ್ನ ಮನೆಯಲ್ಲಿಯೂ ಹುಟ್ಟುಹಬ್ಬಗಳ ಪಟ್ಟಿ ಶೌಚಾಲಯದ ಗೋಡೆಯ ಮೇಲೆಯೇ ತೂಗುತ್ತದೆ. ನಗಬೇಡಿ, ದಿನವೂ ತಪ್ಪದೆ ಕಣ್ಣಿಗೆ ಬೀಳುವ ಸ್ಥಳ ಮತ್ತಾವುದು? ಅದರಲ್ಲಿ ಇಂದಿನ ದಿನದ ಮುಂದೆ ಒಂದೇ ಹೆಸರಿದೆ: ನೆಲ್ಕೆ.

ಮೂವತ್ತನಾಲ್ಕು ವರ್ಷಗಳ ಹಿಂದೆ ನೆಲ್ಕೆ ನನ್ನ ತರಗತಿಯಲ್ಲಿದ್ದಳು. ಆ ವರ್ಷದ ಫೆಬ್ರವರಿ ಹನ್ನೊಂದು ಅವಳಿಗೆ ಎಂಟು ತುಂಬುವ ದಿನ. ಅವಳು ಬಂದಿರಲಿಲ್ಲ. ಹಳೆಯ ಹಾಜರಿ ಪುಸ್ತಕಗಳನ್ನು ತೆಗೆದು ನೋಡಿದೆ. ಹಿಂದಿನ ಮೂರು ವರ್ಷವೂ ಅದೇ ದಿನ ಗೈರುಹಾಜರಿ, ಅದೇ ಹೊಟ್ಟೆನೋವಿನ ಚೀಟಿ. ಹುಟ್ಟುಹಬ್ಬಕ್ಕೆಂದು ರಜೆ ಹಾಕಿ ಮೆರೆಯುತ್ತಿದ್ದಾರೆ ಎಂದುಕೊಂಡೆ. ಹತ್ತು ಗಂಟೆಯ ಬಿಡುವಿನಲ್ಲಿ ಕಾಗದದ ಕಿರೀಟವನ್ನು ಹಿಡಿದು ಎದುರು ಬೀದಿಯ ಅವರ ಮನೆಗೆ ಹೋದೆ.

“ಅವ್ಳಿಗೆ ಹೊಟ್ಟೆನೋವು, ಟೀಚರ್” ಎಂದರು ತಾಯಿ.

“ಪ್ರತಿ ವರ್ಷ ಫೆಬ್ರವರಿ ಹನ್ನೊಂದಕ್ಕೇ ಬರುತ್ತಾ? ನಿಮ್ಮ ಮಗಳ ಹೊಟ್ಟೆ ಕ್ಯಾಲೆಂಡರ್ ನೋಡುತ್ತಾ?”

“ಇವತ್ತೊಂದಿನ ಬಿಟ್ಬಿಡಿ. ನಾಳೆ ನಾನೇ ಕರ್ಕೊಂಡು ಬರ್ತೀನಿ.”

ನಾನು ಬಿಡಲಿಲ್ಲ. ತಾಯಿ ಒಳಗೆ ಹೋದರು, ಊಟದ ಡಬ್ಬಿಯನ್ನು ತಂದು ಮಗುವಿನ ಕೈಗಿಟ್ಟರು. ನನ್ನ ಮುಖವನ್ನು ನೋಡಲಿಲ್ಲ.

ತರಗತಿಯಲ್ಲಿ ಕಿರೀಟ ತೊಡಿಸಿದೆ. ಎಲ್ಲರೂ ಹಾಡಿದರು. ಹಾಡು ಮುಗಿದ ಮೇಲೆ ಮಕ್ಕಳು ಏನು ಮಾಡುತ್ತಾರೆ? ಕೈ ಚಾಚುತ್ತಾರೆ. ಇಪ್ಪತ್ತೆಂಟು ಕೈಗಳು.

“ಏನ್ ತಂದಿದೀಯ? ಕೊಡೇ ಬೇಗ!”

ನೆಲ್ಕೆ ಊಟದ ಡಬ್ಬಿಯನ್ನು ತೆರೆದಳು. ಚಾಕೊಲೇಟ್ ಕಾಳು ಉದುರಿಸಿದ ಎರಡು ಹೋಳು ಬ್ರೆಡ್ಡು. ಅಳತೆಪಟ್ಟಿಯ ಅಂಚಿನಿಂದ ಅದನ್ನು ಬಹಳ ನಾಜೂಕಾಗಿ ಕತ್ತರಿಸಿದಳು. ಒಂದೊಂದೇ ತುಂಡನ್ನು ಒಂದೊಂದೇ ಕೈಯಲ್ಲಿಟ್ಟಳು. ಯಾರೋ ನಕ್ಕರು. “ಇದು ಇವ್ಳ ಊಟ ಕಣ್ರೋ!” ಕೊನೆಯ ತುಂಡನ್ನು ಹಿಡಿದುಕೊಂಡು ನನ್ನ ಮೇಜಿನ ಬಳಿಗೆ ಬಂದಳು.

“ಟೀಚರ್, ನಿಮಗೂ ಇದೆ.”

ಸಭಿಕರೇ, ನಾನು ಏನೆಂದೆ ಗೊತ್ತೇ? “ಪಾಠದ ಹೊತ್ತಿನಲ್ಲಿ ಊಟದ ಡಬ್ಬಿ ತೆಗೆಯಬಾರದು” ಎಂದೆ. ವಾಕ್ಯದಲ್ಲಿ ಒಂದೂ ದೋಷವಿರಲಿಲ್ಲ.

ಅವಳು ಆ ತುಂಡನ್ನು ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದಳು. ಅದನ್ನು ತಾನೂ ತಿನ್ನಲಿಲ್ಲ. ವಸಂತದಲ್ಲಿ ಆ ಮನೆ ಖಾಲಿಯಾಯಿತು. ಎಲ್ಲಿಗೆ ಹೋದರೆಂದು ಬೀದಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ನಾನು ಕೇಳಿದೆ, ಬಾಗಿಲಿಂದ ಬಾಗಿಲಿಗೆ ಹೋಗಿ ಕೇಳಿದೆ.

ನಿವೃತ್ತಿಯ ಮರುವಾರವೇ ರಾಬಿಯಾ ಅವರ ಡಬ್ಬಿ ಕಟ್ಟುವ ಮೇಜಿಗೆ ಬಂದು ಕುಳಿತೆ. ಪ್ರತಿ ಫೆಬ್ರವರಿಯಲ್ಲಿ ನಾನು ನೆಲ್ಕೆಯ ಹೆಸರಿನಲ್ಲಿ ಒಂದು ಡಬ್ಬಿ ಹೆಚ್ಚು ಕಟ್ಟುತ್ತೇನೆ. ಡಬ್ಬಿ ಪಡೆಯುವ ಮಕ್ಕಳ ಪಟ್ಟಿಯಲ್ಲಿ ಆ ಹೆಸರಿಲ್ಲವೆಂದು ರಾಬಿಯಾ ಒಮ್ಮೆಯೂ ಹೇಳಲಿಲ್ಲ. ಒಂದು ವರ್ಷ ಮಾತ್ರ ಕೇಳಿದರು: “ಮಗುಗೆ ಎಷ್ಟು ವರ್ಷ ಟೀಚರ್? ಬಲೂನು ಯಾವ ಬಣ್ಣದ್ದು ಹಾಕ್ಲಿ?” ನಲವತ್ತು ಎಂದೆ. ಅವರು ಹಳದಿ ಬಲೂನು ಹಾಕಿದರು.

ರಾಬಿಯಾ, ಕೋರ್, ನೀವು ಈ ಊರಿನ ಎಷ್ಟೋ ಮಕ್ಕಳ ಹೊಟ್ಟೆನೋವನ್ನು ಗುಣಪಡಿಸಿದ್ದೀರಿ. ನಾನು ಅದರ ಹೆಸರನ್ನು ಕೂಡ ಅರಿಯದೆ ಮೂವತ್ತೆಂಟು ವರ್ಷ ಪಾಠ ಹೇಳಿದೆ. ನಿಮಗೆ ಈ ಊರಿನ ಕೃತಜ್ಞತೆಗಳು. ನನ್ನವು ಬೇರೆಯಾಗಿಯೇ ಸಲ್ಲುತ್ತವೆ.

ಈ ವರ್ಷದ ಡಬ್ಬಿ ಇಗೋ, ಈ ಮೇಜಿನ ಮೇಲಿದೆ. ನೆಲ್ಕೆಗೆ ಇಂದು ನಲವತ್ತೆರಡು. ನಿಮ್ಮಲ್ಲಿ ಯಾರಾದರೂ ಅವಳನ್ನು ಬಲ್ಲವರಿದ್ದರೆ ಡಬ್ಬಿಯನ್ನು ಒಯ್ದುಕೊಡಿ. ಉತ್ತರವನ್ನೇನೂ ತರಬೇಕಾಗಿಲ್ಲ. ಇಷ್ಟನ್ನು ಮಾತ್ರ ಹೇಳಿ: ಟೀಚರ್ ಕೈ ತೊಳೆದುಕೊಂಡು, ಚಾಚಿಕೊಂಡು, ತಮ್ಮ ಪಾಲಿಗಾಗಿ ಇನ್ನೂ ಕಾಯುತ್ತಿದ್ದಾರೆ.

ಕಾಫಿ ಬಂದಿದೆ. ತಾಳ್ಮೆಯಿಂದ ಕೇಳಿದ್ದಕ್ಕೆ ಧನ್ಯವಾದಗಳು. ಸಾಲಾಗಿ ಹೋಗಿ. ನಮಸ್ಕಾರ.