ಗಮನಕ್ಕೆ ಬಾರದ ಹೆರಿಗೆ

ಚಿತ್ತಾಪುರದ ಬಸ್ ನಿಲ್ದಾಣದ ಬೆಂಚಿನಲ್ಲಿ ಉಮಾದೇವಿ ಟೀಚರು ಸರಿದು ಕುಳಿತು, ಏದುಸಿರು ಬಿಡುತ್ತ ಬಂದ ಮುದುಕಿಗೆ ಜಾಗ ಮಾಡಿಕೊಟ್ಟರು. ಮುದುಕಿಯ ಜೊತೆಗಿದ್ದ ಪಂಚಾಯತಿ ಸದಸ್ಯ ಬೀರೇಶ, ಬಾಟಲಿಯ ಮುಚ್ಚಳ ತೆಗೆದು ಅವಳಿಗೆ ನೀರು ಕೊಟ್ಟ. ಆಮೇಲೆ ಕಾಗದ ಬಿಚ್ಚಿದ.

“ವಿಧಾನಸಭಾದಾಗ ನಮ್ಮ ಎಮ್ಮೆಲ್ಲೆ ಸಾಹೇಬ್ರು ಕೇಳಿದ್ದಕ್ಕ ಉತ್ತರ ಬಂದದ, ಆಶಾಬಿ ಖಾಲಾ.”

“ಓದು.”

“‘ಗ್ರಾಮದ ಆಸ್ಪತ್ರೆಯಲ್ಲಿ ನರ್ಸ್ ಇಲ್ಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಉತ್ತರ, ‘ಬಂದಿಲ್ಲ.’”

“ಮುಂದ?”

“‘ಬಂದಿದ್ದಲ್ಲಿ, ಯಾವಾಗ ನೇಮಿಸಲಾಗುವುದು?’ ಉತ್ತರ, ‘ಉದ್ಭವಿಸುವುದಿಲ್ಲ.’”

“ಹಂಗಂದ್ರ?”

“ಗಮನಕ್ಕ ಬಂದಿಲ್ಲ ಅಂದಮ್ಯಾಲ, ಯಾವಾಗ ಅನ್ನೋ ಮಾತೇ ಇಲ್ಲಂತ.”

“ಬರೋ ತಿಂಗಳು ನನ್ನ ಮಗಳ ಹೆರಿಗಿ ಅದ. ಅದೂ ಉದ್ಭವಿಸೂದಿಲ್ಲೇನು?”

“ತಪ್ಪು ನಂದೇ, ಖಾಲಾ. ಪ್ರಶ್ನಿ ಬರ್ದು ಕೊಟ್ಟಾವ ನಾನೇ.”

“ಗೊತ್ತದೇನು ಅಂತ ಕೇಳಿದ್ರ ಯಾರು ಹೌದಂತಾರೋ ಹುಚ್ಚಾ? ನರ್ಸಬಾಯಿ ಯಾವ ತಾರೀಖಿಗಿ ಹೋದ್ಳು ಕೇಳು. ಅಲ್ಲಿಂದ ಎಷ್ಟು ಹೆರಿಗಿ ಹಾದ್ಯಾಗ ಆದವು ಕೇಳು. ಒಂದೊಂದು ಹೆಸರು ನಾ ಹೇಳ್ತೀನಿ.”

“ಇದಕ್ಕ ‘ಬಂದಿಲ್ಲ’ ಅಂತ ಬರೀಲಾಕ ಬರಂಗಿಲ್ಲ ನೋಡು!”

“ಮತ್ತ ಕೇಳ್ತಾರೇನು ಸಾಹೇಬ್ರು?”

“ಕೇಳ್ತಾರ. ಆದ್ರ ಪ್ರಶ್ನಿ ಕೊಡ್ಲಾಕ ಇವತ್ತೇ ಆಖ್ರಿ ದಿನ. ನಮ್ಮೂರ ಬಸ್ ಬಂತು, ನೀ ಹೋಗು. ನಾ ಕೊಟ್ಟು ಬರ್ತೀನಿ.”

ಆಶಾಬಿ ಬಸ್ಸಿನ ಕಡೆ ತಿರುಗಿಯೂ ನೋಡಲಿಲ್ಲ.

“ನಡಿ ಸಾಹೇಬ್ರ ಆಫೀಸಿಗಿ. ನಾ ಹೇಳ್ತೀನಿ, ನೀ ಬರಿ.”

ಬಸ್ಸು ಹೊರಟಿತು. ಆಶಾಬಿ ಎದ್ದು ಮುಂದೆ ನಡೆದಳು; ಬೀರೇಶ ಜೇಬಿನಲ್ಲಿ ಪೆನ್ನು ತಡಕುತ್ತ ಹಿಂದೆ ಓಡಿದ.