ಬಿಸಿನೀರಿನ ಲೋಟ ಮತ್ತು ಐದು ಹನಿ

ವೇದಿಕೆಯ ಮೇಲಿರುವ ನಮ್ಮ ದೊಡ್ಡ ಡಾಕ್ಟರೇ, ಅತಿಥಿಗಳೇ, ಮೂವತ್ತೊಂದು ವರ್ಷ ನನ್ನ ಗೊಣಗಾಟ ಸಹಿಸಿಕೊಂಡ ನರ್ಸಮ್ಮಂದಿರೇ, ಮೂರನೇ ಸಾಲಿನಲ್ಲಿ ಕುಳಿತಿರುವ ನನ್ನ ಮಗಳೇ, ಸಭಿಕರೇ,

ಈ ಮಕ್ಕಳ ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ನಿಂತು ನಿಂತು ನಾನು ನಿವೃತ್ತನಾಗುತ್ತಿದ್ದೇನೆ. ಇಷ್ಟು ವರ್ಷ ನನ್ನ ಮೂಗಿನಿಂದ ಗದ್ದದವರೆಗೆ ಮಾತ್ರ ನೋಡಿದವರಿಗೆ ಇಂದು ಪೂರ್ತಿ ಮುಖ ಕಾಣುತ್ತಿದೆ. ನಿರಾಸೆಯಾಗಿದ್ದರೆ ಕ್ಷಮಿಸಿ.

ಡಾಕ್ಟರು ನನ್ನನ್ನು ಹೊಗಳುತ್ತಾ ಕಾರಿಡಾರಿನ ಗೋಡೆಯಲ್ಲಿರುವ ಪಟವನ್ನು ನೆನಪಿಸಿದರು. ಔಷಧಿಯ ಹನಿ ಶುರು ಮಾಡಿದ ಮೇಲೆ ಒಂದು ಮಗು ದಿನಕ್ಕೆ ಎಷ್ಟು ಹೊತ್ತು ಅತ್ತಿತು ಎಂದು ತೋರಿಸುವ ಗೆರೆ ಅದು. ಮೊದಲ ದಿನ ನಾಲ್ಕು ಗಂಟೆ, ಇಪ್ಪತ್ತೊಂದನೆಯ ದಿನ ಇಪ್ಪತ್ತು ನಿಮಿಷ. ಆ ಮಗು ನನ್ನ ಮೊಮ್ಮಗಳು, ಐದು ವರ್ಷದ ಹಿಂದಿನ ಮಾತು.

ಹೊಟ್ಟೆನುಲಿತದ ಅಳು ಕೇಳಿದ್ದೀರಾ? ಸಂಜೆ ಐದಾಯಿತೆಂದರೆ ಶುರು. ಮುಷ್ಟಿ ಬಿಗಿ, ಕಾಲು ಹೊಟ್ಟೆಗೆ, ಮುಖ ಕೆಂಪು. ನನ್ನ ಮಗಳು ಸೋತು ಹೋಗಿದ್ದಳು. "ಅಪ್ಪಾ, ನನ್ನ ಹಾಲೇ ಸರಿ ಇಲ್ವೇನೋ. ನನ್ನ ಕೈಗೆ ಬಂದ್ರೆ ಸಾಕು, ಇನ್ನೂ ಜೋರಾಗಿ ಅಳತ್ತೆ" ಎನ್ನುತ್ತಿದ್ದಳು.

ಆಗಲೇ ಡಾಕ್ಟರು ಆ ಹನಿಗಳನ್ನು ತರಿಸಿದರು. ಎಣ್ಣೆಯಲ್ಲಿ ತೇಲುವ, ಹೊಟ್ಟೆಗೆ ಒಳ್ಳೆಯದು ಮಾಡುವ ಜೀವಾಣುಗಳು. ದಿನಕ್ಕೆ ಐದು ಹನಿ. "ಕೆಲವು ಮಕ್ಕಳಿಗೆ ಗುಣ ಕಾಣತ್ತೆ, ಕೆಲವಕ್ಕೆ ಇಲ್ಲ. ಯಾಕೆ ಅಂತ ನನಗೂ ಗೊತ್ತಿಲ್ಲ ನೋಡಿ" ಎಂದಿದ್ದರು. ಗೊತ್ತಿಲ್ಲ ಎನ್ನುವ ಡಾಕ್ಟರನ್ನು ನಾನು ಅಂದಿನಿಂದ ಇನ್ನಷ್ಟು ಗೌರವಿಸುತ್ತೇನೆ.

ಕಿಟಕಿಗೆ ಬಂದ ಪ್ರತಿ ತಾಯಿಗೂ ನಾನು ಹೇಳಿದ್ದೇನು? "ಫ್ರಿಜ್‌ನಲ್ಲೇ ಇಡಿ ತಾಯಿ. ಬಿಸಿ ಮಾತ್ರ ಮಾಡ್ಬೇಡಿ, ಒಳಗಿರೋದು ಜೀವ ಇರೋದು, ಸತ್ತು ಹೋಗತ್ತೆ." ಒಬ್ಬಾಕೆಯಿಂದಂತೂ ಮೂರು ಸಲ ಹೇಳಿಸಿ, ಒಪ್ಪಿಸಿಕೊಂಡು ಕಳಿಸಿದೆ.

ಮನೆಯಲ್ಲಿ ಮಾಡಿದ್ದೇನು? ಹನಿ ಹಾಕುವ ಕೆಲಸ ನನ್ನದು. ಫ್ರಿಜ್‌ನಿಂದ ತೆಗೆದ ಬಾಟಲಿ ಮಂಜಿನಂತಿತ್ತು. ಆರು ವಾರದ ಕೂಸಿನ ಗಂಟಲಿಗೆ ಇಷ್ಟು ತಣ್ಣಗಿರುವುದನ್ನು ಹಾಕುವುದೇ? ಹಾಗಾಗಿ ಕುದಿಯುವ ನೀರನ್ನು ಲೋಟಕ್ಕೆ ಸುರಿದು, ಅದರಲ್ಲಿ ಬಾಟಲಿಯನ್ನು ಹತ್ತು ನಿಮಿಷ ನಿಲ್ಲಿಸಿದೆ. ಇಪ್ಪತ್ತೊಂದು ದಿನವೂ, ದಿನಾ ತಪ್ಪದೆ. ಫಾರ್ಮಸಿಸ್ಟ್ ಕಿಟಕಿಯಲ್ಲೇ ಉಳಿದಿದ್ದ, ಮನೆಗೆ ಬಂದವನು ಬರೀ ಅಜ್ಜ!

ತಪ್ಪು ಹೊಳೆದದ್ದು ಪಟಕ್ಕೆ ಚೌಕಟ್ಟು ಹಾಕಿಸಿದ ಮೇಲೆ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ನಾಚಿಕೆ, ಅಷ್ಟೇ, ಬೇರೆ ಕಾರಣವಿಲ್ಲ.

ಇವತ್ತು ಯಾಕೆ ಹೇಳುತ್ತಿದ್ದೇನೆ? ಮಗಳು ಈಗ ಏಳು ತಿಂಗಳ ಬಸುರಿ. ಮೊನ್ನೆ ಬಟ್ಟೆ ಮಡಿಸುತ್ತಾ, "ಅಪ್ಪಾ, ಆ ಬಾಟಲಿ ಈಗಲೇ ತಂದಿಡಿ. ಅದಿಲ್ದೆ ಮಗು ಸಮಾಧಾನ ಮಾಡೋಕೆ ನನ್ನ ಕೈಲಾಗಲ್ಲ" ಎಂದಳು. ಐದು ವರ್ಷದಿಂದ ಅವಳು ಹೀಗೇ ನಂಬಿಕೊಂಡಿದ್ದಾಳೆ. ನಂಬಿಸಿದವನು ನಾನು.

ಡಾಕ್ಟರೇ, ದಯವಿಟ್ಟು ಆ ಪಟ ಇಳಿಸಿ. ಹನಿಗಳು ಸುಳ್ಳೆಂದು ನಾನು ಹೇಳುತ್ತಿಲ್ಲ. ಬಿಸಿ ಮಾಡದ ಮನೆಗಳ ಲೆಕ್ಕ ನಿಮ್ಮ ಬಳಿ ಇದೆ, ಅದನ್ನು ನೋಡಿ. ನಮ್ಮ ಮನೆಯ ಬಾಟಲಿಯಲ್ಲಿ ಜೀವ ಉಳಿದಿದ್ದರೆ ಅದೇ ಪವಾಡ. ಹಾಗಾದರೆ ಅಳು ಇಳಿದದ್ದು ಹೇಗೆ? ಮಗು ಬೆಳೆದ ಹಾಗೆ ತಾನಾಗಿಯೇ ಇಳಿಯಿತೇ? ಐದು ವರ್ಷದಿಂದ ಇದೇ ಪ್ರಶ್ನೆ ನನ್ನ ತಲೆ ತಿನ್ನುತ್ತಿದೆ. ಆ ಪಟಕ್ಕಾಗಿ ನಾವು ದಿನಾ ತುಂಬುತ್ತಿದ್ದ ಅಳುವಿನ ಹಾಳೆಯಲ್ಲಿ ಎಷ್ಟು ಹೊತ್ತು ಅತ್ತಿತು ಎಂಬ ಕಾಲಂ ಇತ್ತು. ಅಷ್ಟು ಹೊತ್ತೂ ಎತ್ತಿಕೊಂಡವರು ಯಾರು ಎಂಬ ಕಾಲಂ ಇರಲಿಲ್ಲ.

ನಾನು ನೋಡಿದ್ದೇನೆ. ಅಡುಗೆಮನೆಯಿಂದ ಬಾಗಿಲವರೆಗೆ, ಬಾಗಿಲಿಂದ ಅಡುಗೆಮನೆಗೆ, ಮಗುವನ್ನು ಮುಂಗೈ ಮೇಲೆ ಬೋರಲು ಮಲಗಿಸಿಕೊಂಡು, ಕಾಲು ಊದುವವರೆಗೆ ನಡೆದವಳು ಮೂರನೇ ಸಾಲಿನಲ್ಲಿದ್ದಾಳೆ.

ಬಾಟಲಿ ತರುತ್ತೇನಮ್ಮ. ಫ್ರಿಜ್‌ನಲ್ಲಿಡುತ್ತೇನೆ, ಲೋಟದ ಹತ್ತಿರ ಸುಳಿಯುವುದಿಲ್ಲ. ಆದರೆ ನಿನ್ನ ಕೈಲಾಗಲ್ಲ ಅನ್ನಬೇಡ. ಆ ಇಪ್ಪತ್ತೊಂದು ದಿನವೂ ನಿನ್ನ ಕೈಯಲ್ಲೇ ಆಗಿತ್ತು.

ಇಷ್ಟು ಹೊತ್ತು ಅಳದೆ ಕುಳಿತಿದ್ದಕ್ಕೆ ನಿಮಗೆಲ್ಲ ಧನ್ಯವಾದಗಳು. ಮಗಳೇ, ನೀನು ಕಣ್ಣೊರೆಸಿಕೋ. ಎಲ್ಲರಿಗೂ ನನ್ನ ನಮಸ್ಕಾರ.